ಖಾಲಿ ಗಾಜಿನ ಬೆಳಕು

ನಾನು ಒಂದು ಗಾಜಿನ ಪಾತ್ರೆ. ಪಾತ್ರೆ ಎಂದ ಕೂಡಲೇ ನಿಮಗೆ ಕೊಡ, ತಂಬಿಗೆ ನೆನಪಾದರೆ ಅದು ನಿಮ್ಮ ತಪ್ಪಲ್ಲ. ನನ್ನ ಎತ್ತರ ನಿಮ್ಮ ಕಿರುಬೆರಳಿನಷ್ಟು, ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ನಾಲ್ಕು ಗೋಡೆ, ಒಂದು ತಳ, ಮೇಲೊಂದು ಬಿಳಿ ಮುಚ್ಚಳ. ಗೊತ್ತಿಲ್ಲದವರು ಅತ್ತರಿನ ಸೀಸೆ ಎನ್ನುತ್ತಾರೆ. ಭೌತವಿಜ್ಞಾನದ ಹುಡುಗರು ಕ್ಯುವೆಟ್ ಎನ್ನುತ್ತಾರೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯ ಬೆಂಕಿಯಲ್ಲಿ. ಅಪ್ಪಟ ಸ್ಫಟಿಕದ, ಅಂದರೆ ಕ್ವಾರ್ಟ್ಜಿನ, ಮರಳನ್ನು ಕರಗಿಸಿ, ಹಲಗೆ ಮಾಡಿ, ಹಲಗೆಗಳನ್ನು ಬೆಸೆದು, ನಾಲ್ಕೂ ಗೋಡೆಗಳನ್ನು ಉಜ್ಜಿ ಉಜ್ಜಿ ನನ್ನನ್ನು ಮಾಡಿದರು. ಕೊನೆಗೆ ಒಬ್ಬ ಮುದುಕ ನನ್ನನ್ನು ಕಿಟಕಿಗೆ ಹಿಡಿದು ನೋಡಿದ. ಅವನ ಪರೀಕ್ಷೆ ವಿಚಿತ್ರವಾಗಿತ್ತು. ಗಾಜು ಕಣ್ಣಿಗೆ ಕಂಡರೆ ಕಸದ ಬುಟ್ಟಿಗೆ, ಕಾಣದಿದ್ದರೆ ಪೆಟ್ಟಿಗೆಗೆ. ನಾನು ಕಾಣಲಿಲ್ಲ. ನನ್ನ ಜೊತೆಗೇ ಹುಟ್ಟಿದ ಅವಳಿಯೂ ಕಾಣಲಿಲ್ಲ. ಇಬ್ಬರನ್ನೂ ಒಂದೇ ಪೆಟ್ಟಿಗೆಯ ಕಪ್ಪು ಸ್ಪಂಜಿನ ಎರಡು ಗುಳಿಗಳಲ್ಲಿ ಮಲಗಿಸಿದರು. ಜಗತ್ತಿನಲ್ಲಿ ಎಲ್ಲರೂ ಎದ್ದು ಕಾಣಬೇಕೆಂದು ಒದ್ದಾಡುವಾಗ ಕಾಣದೆ ಇರುವುದೇ ನಮ್ಮ ಹೆಚ್ಚುಗಾರಿಕೆಯಾಗಿತ್ತು. ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಪೆಟ್ಟಿಗೆ ತೆರೆದಾಗ ನಾವು ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿದ್ದೆವು. ನಮ್ಮನ್ನು ತರಿಸಿದವರು ಪ್ರೊಫೆಸರ್ ಇಂದಿರಾಬಾಯಿ ದೇಸಾಯಿ. ಹತ್ತಿಯ ಸೀರೆ, ಕುತ್ತಿಗೆಗೆ ನೇತುಹಾಕಿದ ಕನ್ನಡಕ, ಸಿಡುಕು ಮೂಗು. ಅವರ ಪ್ರಯೋಗಾಲಯದಲ್ಲಿ ಒಂದು ಯಂತ್ರವಿತ್ತು. ನನ್ನಲ್ಲಿ ಯಾವುದಾದರೂ ದ್ರವ ತುಂಬಿ ಅದರ ಹೊಟ್ಟೆಯಲ್ಲಿಟ್ಟು ಬಾಗಿಲು ಮುಚ್ಚಿದರೆ, ಒಂದು ಗೋಡೆಯಿಂದ ನೇರಳೆ ಬೆಳಕು ಒಳಗೆ ಬರುತ್ತಿತ್ತು. ದ್ರವಕ್ಕೆ ಹೊಳೆಯುವ ಗುಣವಿದ್ದರೆ ಅದು ತನ್ನದೇ ಬಣ್ಣದ ಬೆಳಕನ್ನು ಪಕ್ಕದ ಗೋಡೆಯಿಂದ ಹೊರಗೆ ಬಿಡುತ್ತಿತ್ತು. ಯಂತ್ರ ಅದನ್ನು ಪರದೆಯ ಮೇಲೆ ಗೆರೆಯಾಗಿ ಎಳೆಯುತ್ತಿತ್ತು. ನನ್ನ ಕೆಲಸ ಇಷ್ಟೇ: ಹಾಕಿದ್ದನ್ನು ಹಿಡಿದುಕೊಳ್ಳಬೇಕು, ನನ್ನದೇನನ್ನೂ ಸೇರಿಸಬಾರದು.

ಪ್ರತಿ ವರ್ಷ ಹೊಸ ಹುಡುಗರಿಗೆ ದೇಸಾಯಿ ಬಾಯಿಯವರ ಮೊದಲ ಪಾಠ ನನ್ನಿಂದಲೇ ಶುರುವಾಗುತ್ತಿತ್ತು. ಖಾಲಿ ನನ್ನನ್ನು ಕುತ್ತಿಗೆ ಹಿಡಿದು ಎತ್ತಿ, "ಒಳಗೇನದ?" ಎನ್ನುವರು.

"ಏನೂ ಇಲ್ರಿ ಮೇಡಂ."

"ಹೆಂಗ ಗೊತ್ತು?"

"ಕಾಣಸ್ತದಲ್ರಿ, ಖಾಲಿ ಅದ."

"ಕಣ್ಣಿಗೆ ಕಾಣಸ್ಲಿಲ್ಲ ಅಂದ್ರ ಇಲ್ಲ ಅಂತೇನು? ನಿನ್ನ ಕಣ್ಣೇನು ದೇವರ ಕಣ್ಣೇನೋ? ಮದಲ ಖಾಲೀದು ನೋಡು. ಬರೇ ಆಲ್ಕೊಹಾಲ್ ಹಾಕಿ ಯಂತ್ರದಾಗಿಟ್ಟು ನೋಡು. ಆಮ್ಯಾಲೆ ಅದರಾಗನ ನಿನ್ನ ಮಾಲು ಹಾಕಿ ನೋಡು. ಅದರಾಗನ, ಬ್ಯಾರೆದರಾಗಲ್ಲ. ತಿಳೀತಿಲ್ಲೋ?"

ಹೀಗೆ ಪುಡಿ ಬೆರೆಸದ ಬರಿಯ ಆಲ್ಕೊಹಾಲನ್ನು ಮೊದಲು ಅಳೆಯುವುದಕ್ಕೆ ಅವರ ಮಾತಿನಲ್ಲಿ ಬ್ಲ್ಯಾಂಕ್ ಎಂದು ಹೆಸರು. ಬಾಯಿಯವರ ಕಾಲದಲ್ಲಿ ಬ್ಲ್ಯಾಂಕ್ ಆದದ್ದೂ ನನ್ನಲ್ಲೇ, ಮಾಲು ಹಾಕಿದ್ದೂ ನನ್ನಲ್ಲೇ. ನನ್ನ ಅವಳಿ, ಒಡೆದರೆ ಇರಲಿ ಎಂದು ಪೆಟ್ಟಿಗೆಯಲ್ಲಿ ಮಲಗಿ ಸುಖವಾಗಿತ್ತು. ಬಾಯಿಯವರ ಬಾಯಿಗೆ ಹೆದರಿ ಅತ್ತ ಹುಡುಗರು ಬಹಳ. ಆದರೆ ಅವರ ಕೈಯಿಂದ ಸುಳ್ಳು ಗೆರೆ ಒಂದೂ ಹೊರಗೆ ಹೋಗಲಿಲ್ಲ.

ಅವರು ನಿವೃತ್ತರಾದ ಮೇಲೆ ಪ್ರಯೋಗಾಲಯ ಅವರ ಶಿಷ್ಯ ಗುರುಪಾದಪ್ಪ ಇಟಗಿಯವರ ಕೈಗೆ ಬಂತು. ಇಟಗಿ ಸರ್ ಒಳ್ಳೆಯ ಮನುಷ್ಯ. ಇದನ್ನು ನಾನು ಕೊನೆಯವರೆಗೂ ಹೇಳುತ್ತೇನೆ. ಹುಡುಗರು ಮಧ್ಯಾಹ್ನ ಊಟ ಬಿಟ್ಟು ಕೆಲಸ ಮಾಡುತ್ತಿದ್ದರೆ ತಾವೇ ಹೋಗಿ ಗಿರಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಬರುವರು. ಪಾಠಕ್ಕೆ ನಿಂತರೆ ಹಿಂದಿನ ಬೆಂಚಿನ ಸೋಮಾರಿಯೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಅವರಿಗಿದ್ದ ಕೊರಗು ಒಂದೇ. ಜೀವಮಾನವಿಡೀ ಬೇರೆಯವರು ಕಂಡುಹಿಡಿದದ್ದನ್ನು ಚೆನ್ನಾಗಿ ಪಾಠ ಮಾಡಿದ್ದರು, ತಾವಾಗಿ ಏನನ್ನೂ ಕಂಡಿರಲಿಲ್ಲ. "ಹೋಗೂದ್ರಾಗ ಒಂದರ ಹೊಸಾದು ನೋಡಬೇಕು" ಎಂದು ನನ್ನನ್ನು ಒರೆಸುತ್ತ ತಮ್ಮಷ್ಟಕ್ಕೆ ಹೇಳಿಕೊಳ್ಳುವರು.

ಬಾಯಿಯವರ ಕಟ್ಟಳೆಯಲ್ಲಿ ಅವರು ಒಂದೇ ಒಂದು ಬದಲಾವಣೆ ಮಾಡಿದರು. ಆ ಕಾಲದಲ್ಲಿ ಕರೆಂಟು ಬಂದಾಗ ಬಂತು, ಹೋದಾಗ ಹೋಯಿತು. ಇದ್ದಾಗಲೇ ಬೇಗ ಬೇಗ ಕೆಲಸ ಮುಗಿಸಬೇಕು. ಒಂದೇ ಪಾತ್ರೆಯನ್ನು ಮತ್ತೆ ಮತ್ತೆ ತೊಳೆದು ಒಣಗಿಸುವಷ್ಟು ಹೊತ್ತು ಯಾರಿಗಿದೆ? "ಒಂದು ಖಾಲೀದಕ್ಕ ಇರ್ಲಿ, ಒಂದು ತುಂಬಿದ್ದಕ್ಕ. ಎರಡೂ ಒಂದ ತಾಯಿ ಮಕ್ಕಳು, ಏನ ಫರಕ ಐತಿ?" ಎಂದರು. ಅಂದಿನಿಂದ ನನ್ನ ಅವಳಿ ಬ್ಲ್ಯಾಂಕಿಗೆ, ನಾನು ಮಾಲಿಗೆ. ಕೇಳುವುದಕ್ಕೆ ಎಷ್ಟು ಸಲೀಸಾದ ಮಾತು ನೋಡಿ.

ಈಗ ನೀಲಗಂಗಾ ಬರಬೇಕು. ಇದು ನನ್ನ ಕಥೆ ಎಂದು ಶುರು ಮಾಡಿದೆ, ನಿಜವಾಗಿ ಇದು ಅವಳದೇ.

ನೀಲಗಂಗಾ ಅಂಬಿಗೇರ, ತುಂಗಭದ್ರೆಯ ದಂಡೆಯ ಒಂದು ಊರಿನವಳು. ಅಪ್ಪ ಹರಿಗೋಲು ಹಾಕುತ್ತಿದ್ದ. ಊರಿಗೆ ಸೇತುವೆ ಬಂತು, ಅಪ್ಪನ ಹರಿಗೋಲು ದಂಡೆಯಲ್ಲಿ ಕವುಚಿ ಬಿತ್ತು, ಅಪ್ಪನೂ ಹೆಚ್ಚು ದಿನ ಬಾಳಲಿಲ್ಲ. ಅವ್ವ ಮತ್ತು ಇಬ್ಬರು ತಂಗಿಯರು ಇವಳ ಮುಖ ನೋಡಿಕೊಂಡಿದ್ದರು. ಇವಳು ಬೆಳಗ್ಗೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಮಧ್ಯಾಹ್ನದ ಮೇಲೆ ಇಟಗಿ ಸರ್ ಕೈಕೆಳಗೆ ಸಂಶೋಧನೆ. ಅತಿಥಿ ಎನ್ನುವುದು ಹೆಸರಿಗೆ. ಯಾವ ಅತಿಥಿಯನ್ನೂ ಪ್ರತಿ ಬೇಸಿಗೆಯಲ್ಲಿ ಮನೆಯಿಂದ ಹೊರಗೆ ಹಾಕಿ, ಮಳೆಗಾಲದಲ್ಲಿ ಬೇಕಾದರೆ ಮತ್ತೆ ಬಾ ಎನ್ನುವುದಿಲ್ಲ. ಪಿಎಚ್.ಡಿ. ಆದರೆ, ವಿಭಾಗದಲ್ಲಿ ಖಾಲಿ ಬಿದ್ದಿರುವ ಕಾಯಂ ಹುದ್ದೆ ಸಿಗಬಹುದು. ಆ ಒಂದು ಆಸೆಯ ಮೇಲೆ ಅವಳು ವರ್ಷಗಳನ್ನು ನೂಕಿದ್ದಳು.

ಅವಳ ಕೈಯನ್ನು ನಾನು ಮರೆಯಲಾರೆ. ನನ್ನನ್ನು ಎಂದೂ ಗೋಡೆ ಮುಟ್ಟಿ ಹಿಡಿದವಳಲ್ಲ, ಕುತ್ತಿಗೆಯನ್ನಷ್ಟೇ ಎರಡು ಬೆರಳಲ್ಲಿ ಹಿಡಿಯುವಳು. ಅವಳು ಮಾಡುತ್ತಿದ್ದದ್ದು ಒಂದು ಬಿಳಿಯ ಪುಡಿ. ಅದರ ಕಣಗಳನ್ನು ಬಹಳ ಸಣ್ಣದು ಮಾಡಿ ಆಲ್ಕೊಹಾಲಿನಲ್ಲಿ ಕದಡಿದರೆ ನೇರಳೆ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆಯೆ ಎಂಬುದು ಪ್ರಶ್ನೆ. ಹೊಳೆಯುತ್ತಿತ್ತು, ಆದರೆ ಹಗಲು ಹಚ್ಚಿದ ದೀಪದಷ್ಟು. ಅಂಥ ಮಂಕು ಬೆಳಕನ್ನು ಬೇರೆಯವರು ಎಂದೋ ಕಂಡಾಗಿತ್ತು.

ಹೀಗಿರುವಾಗ ಖಂಡೇನವಮಿ ಬಂತು. ಆ ಕಡೆ ಖಂಡೇನವಮಿಯೆಂದರೆ ಕೂರಿಗೆಯಿಂದ ಹಿಡಿದು ಬಸ್ಸಿನವರೆಗೆ ದುಡಿಯುವುದೆಲ್ಲಕ್ಕೂ ಪೂಜೆ. ಪ್ರಯೋಗಾಲಯಕ್ಕೂ ಬಿಡುವಿಲ್ಲ. ಹುಡುಗಿಯರು ನೆಲ ತೊಳೆದು ರಂಗೋಲಿ ಹಾಕಿದರು. ಯಂತ್ರಕ್ಕೆ ಚೆಂಡು ಹೂವಿನ ಮಾಲೆ, ಅದರ ಮುಂದೆ ಕಾಯಿ, ಬಾಳೆಹಣ್ಣು. ಇಟಗಿ ಸರ್ ಅವರ ಮನೆದೇವರು ಮೈಲಾರಲಿಂಗ. ಅವರು ಮಡಿ ಉಟ್ಟು, ದೇವರ ಭಂಡಾರದ ಚೀಲ ಹಿಡಿದು ಬಂದರು. ಭಂಡಾರವೆಂದರೆ ಬೇರೇನಲ್ಲ, ಅರಿಶಿನದ ಪುಡಿ. ದೇವರ ಮುಂದಿನಿಂದ ಬಂದದ್ದರಿಂದ ಅದಕ್ಕೆ ಆ ಹೆಸರು.

"ಏಳುಕೋಟಿಗೋ, ಚಾಂಗಭಲೋ!" ಎಂದು ದೇವರ ಜೈಕಾರ ಹಾಕುತ್ತ ಅವರು ಹಿಡಿ ಹಿಡಿ ತೂರಿದರು. ತಕ್ಕಡಿಯ ಮೇಲೆ, ಪುಸ್ತಕಗಳ ಮೇಲೆ, ಯಂತ್ರದ ಬೆನ್ನ ಮೇಲೆ ಅರಿಶಿನ ಬಿತ್ತು. ನನ್ನ ಅವಳಿ ಹಿಂದಿನ ದಿನದ ಬ್ಲ್ಯಾಂಕಿನ ಸಮೇತ ಯಂತ್ರದ ಹೊಟ್ಟೆಯಲ್ಲೇ ಉಳಿದಿತ್ತು. ನಾನು ತೆರೆದ ಪೆಟ್ಟಿಗೆಯಲ್ಲಿದ್ದೆ. ಸರ್ ನನ್ನನ್ನು ಕಂಡರು, ಮುಖ ಅರಳಿತು. "ನೀನ ಅಲ್ಲೇನಪಾ ನಮ್ಮ ಖರೇ ಆಯುಧ" ಎಂದು ನನ್ನ ಮುಚ್ಚಳದ ಮೇಲೆ ಒಂದು ಚಿಟಿಕೆ, ಗುಳಿಯಲ್ಲಿ ಒಂದು ಚಿಟಿಕೆ ಹಾಕಿ ಕೈ ಮುಗಿದರು. ನನಗೆ ಯಾರೂ ಅಷ್ಟು ಪ್ರೀತಿಯಿಂದ ಕೈ ಮುಗಿದಿರಲಿಲ್ಲ. ಬಹಳ ಸಂತೋಷವಾಯಿತು.

ಹಬ್ಬ ಮುಗಿಸಿ ಬಂದ ನೀಲಗಂಗಾ ನನ್ನ ಮೈಯನ್ನು ತೊಳೆದಳು. ಮುಚ್ಚಳವನ್ನು ಮೇಲಿಂದ ಒರೆಸಿದಳು. ಮುಚ್ಚಳದ ಒಳಸಂದಿ, ಸ್ಪಂಜಿನ ಗುಳಿಯ ತಳ, ಇವುಗಳ ನೆನಪು ಅವಳಿಗಾಗಲಿಲ್ಲ. ಬಿಳಿ ಪುಡಿಯನ್ನು ಆಲ್ಕೊಹಾಲಿನಲ್ಲಿ ಹಾಕಿ, ಮುಚ್ಚಳ ಬಿಗಿದು, ಎಂದಿನಂತೆ ತಲೆಕೆಳಗು ಮಾಡಿ ಕುಲುಕಿ ಯಂತ್ರದಲ್ಲಿಟ್ಟಳು.

ಗೆರೆ ಎದ್ದಿತು. ಎದ್ದೇ ಎದ್ದಿತು. ಪರದೆಯ ತಲೆಗೆ ಬಡಿಯುವಂತೆ ಎದ್ದು ನಿಂತಿತು.

"ಸರ್! ಸರ್ರೀ, ಲಗೂನ ಬರ್ರಿ ಇಲ್ಲೆ!"

ಇಟಗಿ ಸರ್ ಪಾಠ ಅರ್ಧಕ್ಕೆ ಬಿಟ್ಟು ಓಡಿ ಬಂದರು. ಬ್ಲ್ಯಾಂಕ್ ನೋಡಿದಿಯೇನು ಎಂದರು. ನೋಡಿದ್ದಳು. ಅವಳಿಯಲ್ಲಿ ಮತ್ತೆ ನೋಡಿದರು. ಗೆರೆ ಹಾಸಿಗೆ ಹಿಡಿದವರಂತೆ ನೆಲಕ್ಕೆ ಅಂಟಿತ್ತು. ನನ್ನಲ್ಲಿ ಮತ್ತೆ ನೋಡಿದರು, ಮುಗಿಲು ಮುಟ್ಟಿತು. ಅರಿಶಿನಕ್ಕೆ ಆಲ್ಕೊಹಾಲು ತಾಗಿದರೆ, ನೇರಳೆ ಬೆಳಕಿಗೆ ಅದು ಹಸಿರಾಗಿ ಹೊಳೆಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಇಟಗಿ ಸರ್ ಅದನ್ನು ಪಾಠದಲ್ಲಿ ಮಾಡಿಯೂ ತೋರಿಸುತ್ತಿದ್ದರು. ಆದರೆ ದೇವರ ಭಂಡಾರ ಅವರ ಲೆಕ್ಕದಲ್ಲಿ ಅರಿಶಿನವಾಗಿರಲಿಲ್ಲ. ಅದು ಭಂಡಾರ. ಸರ್ ಕಣ್ಣಲ್ಲಿ ನೀರು ಬಂತು. "ಮೈಲಾರಪ್ಪ ಕಣ್ಣ ತಗದಾ ನೋಡವ್ವಾ" ಎಂದರು.

ಮುಂದಿನದು ಜಾತ್ರೆ. ಪೇಪರ್ ಅಚ್ಚಾಯಿತು. ವಿಭಾಗದ ಬಾಗಿಲಿಗೆ ಇಬ್ಬರ ಫೋಟೋ ಇದ್ದ ಬ್ಯಾನರ್ ಕಟ್ಟಿದರು. ಜನ ಅದನ್ನು ಇಟಗಿ ಬೆಳಕು ಎಂದೇ ಕರೆದರು. ಬೇಸಿಗೆಯಲ್ಲಿ ಆ ಬೆಳಕು ಇಳಿಯಿತು. ನೀಲಗಂಗಾ ಹೆದರಿ ಹಗಲೂ ರಾತ್ರಿ ಹೊಸ ಹೊಸ ಪುಡಿ ಮಾಡಿದಳು. ಸರ್, ಬಿಸಿಲಿನ ಝಳಕ್ಕೆ ಹೀಗಾಗುತ್ತದೆ ಎಂದರು. ಮತ್ತೆ ಖಂಡೇನವಮಿ ಬಂತು, ಸರ್ ಮತ್ತೆ ನನಗೆ ಭಂಡಾರ ಹಾಕಿ ಕೈ ಮುಗಿದರು, ಬೆಳಕು ತಾನಾಗಿ ಮರಳಿತು. ಚಳಿ ಬಿತ್ತಲ್ಲ ಎಂದುಕೊಂಡರು. ಬೇಕಾದ ಉತ್ತರ ಕೈಗೆ ಸಿಕ್ಕ ಮೇಲೆ ಪ್ರಶ್ನೆ ಕೇಳುವವರು ಯಾರು?

ನೀಲಗಂಗಾ ಪ್ರಬಂಧ ಬರೆದು ಒಪ್ಪಿಸಿದಳು. ಪರೀಕ್ಷಕರು ಮೆಚ್ಚಿದರು. ಇನ್ನೊಂದೇ ಒಂದು ಅಳತೆ ಸೇರಿಸಿ, ಆಗದಿದ್ದರೆ ಇಷ್ಟೇ ಸಾಕು ಎಂದರು. ಅದೇ ಹೊತ್ತಿಗೆ ಕಾಯಂ ಹುದ್ದೆಯ ಸಂದರ್ಶನಕ್ಕೂ ದಿನ ಗೊತ್ತಾಯಿತು. ಅವಳು ಖುಷಿಯಲ್ಲಿದ್ದಳು. ಹಾಡಿಕೊಳ್ಳುತ್ತ ನನ್ನ ಅವಳಿಯನ್ನು ತೊಳೆಯುವಾಗ ಅದು ನಲ್ಲಿಯ ಮೂತಿಗೆ ತಾಗಿತು. ಟಿಣ್ಣೆಂದು ಒಂದು ಸದ್ದು, ಅಷ್ಟೇ. ಒಂದೇ ಬೆಂಕಿಯಲ್ಲಿ ಹುಟ್ಟಿದ್ದು ಎರಡು ಚೂರಾಗಿ ಬಿತ್ತು.

ಅವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ, ಇರಲಿ ಎಂದು ಬ್ಲ್ಯಾಂಕನ್ನೂ ನನ್ನಲ್ಲೇ ಹಾಕಿದಳು. ಬರಿಯ ಆಲ್ಕೊಹಾಲು. ಮುಚ್ಚಳ ಬಿಗಿದು, ಕುಲುಕಿ, ಯಂತ್ರದಲ್ಲಿಟ್ಟಳು.

ಗೆರೆ ಪರದೆಯ ತಲೆಗೆ ಬಡಿಯಿತು.

ಸರಿಯಾಗಿ ತೊಳೆದಿಲ್ಲ ಎಂದುಕೊಂಡಳು. ಮತ್ತೆ ತೊಳೆದಳು, ಆಸಿಡ್ಡಿನಲ್ಲಿ ನೆನೆಸಿ ತೊಳೆದಳು. ಮತ್ತೆ ಅದೇ. ಬೇರೆ ಬಾಟಲಿಯ ಆಲ್ಕೊಹಾಲು ಹಾಕಿದಳು. ಮತ್ತೆ ಅದೇ. ಕೊನೆಗೆ ಮುಚ್ಚಳ ತೆಗೆದಿಟ್ಟು, ನನ್ನನ್ನು ತೊಳೆದು ಹೊಸ ಆಲ್ಕೊಹಾಲು ಹಾಕಿ, ಬಾಯಿಗೆ ಏನೂ ಮುಚ್ಚದೆ ಇಟ್ಟಳು. ಗೆರೆ ನೆಲಕ್ಕೆ ಬಿತ್ತು. ಆಮೇಲೆ ಮುಚ್ಚಳದ ಒಳಸಂದಿಯನ್ನು ಉಗುರಿನಿಂದ ಕೆರೆದಳು. ನನ್ನ ಗುಳಿಯ ಸ್ಪಂಜನ್ನು ಕಿತ್ತು ತಳ ನೋಡಿದಳು. ಬೆರಳು ಹಳದಿಯಾಯಿತು. ಆ ಬೆರಳನ್ನು ಮೂಗಿಗೆ ಹಿಡಿದಳು. ಹುಟ್ಟಿದಾಗಿನಿಂದ ಗೊತ್ತಿರುವ ವಾಸನೆ, ಕೇಳಿ ತಿಳಿಯಬೇಕಾದ್ದೇನಿತ್ತು? ನನ್ನನ್ನು ಎದೆಗೊತ್ತಿಕೊಂಡು ನೆಲದ ಮೇಲೆ ಕೂತಳು.

ಆಮೇಲೆ ತನ್ನ ಪುಡಿಯನ್ನು ಹಾಕಿ, ಮುಚ್ಚಳವಿಲ್ಲದೆ, ಕೊನೆಯದಾಗಿ ಒಂದು ಸಲ ನೋಡಿದಳು. ಅದೇ ಹಳೆಯ ಮಂಕು ಬೆಳಕು. ಆ ಬೆಳಕು ಪಾಪ, ಯಾವತ್ತೂ ಸುಳ್ಳು ಹೇಳಿರಲಿಲ್ಲ.

ಇಟಗಿ ಸರ್ ಬಂದಾಗ ಅವಳು ಎಲ್ಲವನ್ನೂ ಮಾಡಿ ತೋರಿಸಿದಳು. ಸರ್ ಸ್ಟೂಲಿನ ಮೇಲೆ ಕೂತರು.

"ನಾನ ಹಾಕೀನಿ," ಎಂದರು. "ನನ್ನ ಕೈಲೇನ ಹಾಕೀನಿ. ದೇಸಾಯಿ ಬಾಯಾರು ಬಡಕೊಂಡ್ರು, ಅದರಾಗನ ನೋಡ್ರೋ ಅಂತ. ಕೇಳ್ಲಿಲ್ಲ." ಸ್ಟೂಲು ಸರಿಸಿ ಎದ್ದರು. "ಇವತ್ತ ಪತ್ರ ಬರೀತೀನಿ. ತಪ್ಪಾತು, ಪೇಪರ್ ವಾಪಸ್ ತಗೋತೀವಿ ಅಂತ ಬರೀತೀನಿ. ನಗತಾರ, ನಗಲಿ. ನಗಿಸ್ಕೊಂಡವರು ಸಾಯಂಗಿಲ್ಲ."

ನಿಮಗೆ ಬಹುಶಃ ಇಲ್ಲಿ ಬೇರೆ ಕಥೆ ಬೇಕಿತ್ತು. ಮೇಷ್ಟ್ರು ಮುಚ್ಚಿಡು ಎನ್ನಬೇಕು, ಹುಡುಗಿ ಸತ್ಯ ಹೇಳುತ್ತೇನೆ ಎನ್ನಬೇಕು. ನನಗೂ ಅದೇ ಬೇಕಿತ್ತು. ಆದರೆ ಅಂದು ಬಾಗಿಲಿಗೆ ಅಡ್ಡ ನಿಂತವಳು ನೀಲಗಂಗಾ.

"ಬ್ಯಾಡ್ರಿ ಸರ್."

"ಯಾಕವ್ವಾ?"

"ಪೇಪರ್ ಹೋದ್ರ ಪಿಎಚ್.ಡಿ. ಹೋಗತೈತ್ರಿ. ಅದು ಹೋದ್ರ ಇಂಟರ್‌ವ್ಯೂ ಇಲ್ರಿ. ಮತ್ತ ಈ ಹುದ್ದೆ ಕರಿಯೂದ್ರಾಗ ನನ್ನ ವಯಸ್ಸ ಮೀರತೈತಿ. ನೀವು ಇನ್ನೇನು ರಿಟೈರ್ ಆಗಾವ್ರು, ಪಿಂಚಣಿ ಬರತೈತಿ. ನನಗ ಏನ ಐತ್ರಿ?" ದಡಕ್ಕನೆ ಕುಸಿದು ಅವರ ಕಾಲು ಹಿಡಿದಳು. "ನಾ ಏನ ಸುಳ್ಳ ಬರದಿಲ್ರಿ ಸರ್. ಕಂಡದ್ದನ್ನ ಬರದೀನಿ. ನಿಮ್ಮ ಕೈಯ ಭಂಡಾರಕ್ಕ ನನ್ನ ಯಾಕ ಬಲಿ ಕೊಡ್ತೀರಿ?"

ಇಟಗಿ ಸರ್ ಬಗ್ಗಿ ಅವಳ ತಲೆಯ ಮೇಲೆ ಕೈ ಇಟ್ಟರು. "ಏಳವ್ವಾ. ನಿನ್ನ ಅನ್ನ ಕಸಗೊಂಡು ನಾ ಸತ್ಯವಂತ ಅನಸ್ಕೊಳ್ಳಾರೆ" ಎಂದರು. ನನ್ನ ಕಡೆ ನೋಡದೆ ಹೊರಗೆ ಹೋದರು.

ನೀಲಗಂಗಾ ಡಾಕ್ಟರ್ ನೀಲಗಂಗಾ ಆದಳು. ಹುದ್ದೆಯೂ ಸಿಕ್ಕಿತು. ಅವ್ವನಿಗೆ ಪಟ್ಟಣದಲ್ಲಿ ಮನೆಯಾಯಿತು, ತಂಗಿಯರು ಓದಿದರು. ಆ ವರ್ಷದ ಖಂಡೇನವಮಿಗೆ ಇಟಗಿ ಸರ್ ಬಂದರು, ಆದರೆ ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು ಕೈ ಮುಗಿದು ಹೋದರು. ನಿವೃತ್ತರಾದ ಮೇಲೆ ಅವರು ಮೈಲಾರಕ್ಕೆ ಹೋಗುವುದನ್ನೂ ಬಿಟ್ಟರಂತೆ. ಬಿಸಿ ತುಪ್ಪವನ್ನು ಬಾಯಲ್ಲಿಟ್ಟುಕೊಂಡ ಮನುಷ್ಯ ನುಂಗಲಾರ, ಉಗುಳಲಾರ. ಎರಡು ಮಳೆಗಾಲ ಕಳೆಯುವುದರೊಳಗೆ ತೀರಿಕೊಂಡರು. ಸಂತಾಪ ಸಭೆ ನಮ್ಮ ಪ್ರಯೋಗಾಲಯದ ಪಕ್ಕದ ಕೋಣೆಯಲ್ಲೇ ಆಯಿತು, ಗೋಡೆಯಾಚೆಯಿಂದ ಎಲ್ಲ ಕೇಳಿಸಿತು. ಇಟಗಿಯವರ ದೇಹ ಅಳಿದರೂ ಇಟಗಿ ಬೆಳಕು ಅಳಿಯದು ಎಂದು ಒಬ್ಬರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂತಾಪ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದೆಂಬುದೂ ಮರೆತಿತ್ತು.

ನೀಲಗಂಗಾ ನನ್ನನ್ನು ಹಳೆಯ ಮುಚ್ಚಳದ ಸಮೇತ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಕೆಲಸಕ್ಕೆ ಹೊಸ ಪಾತ್ರೆಗಳು ಬಂದವು, ಪುಡಿಯ ಕೆಲಸವನ್ನು ಅವಳು ಕೈಬಿಟ್ಟಳು. ಅಲ್ಲಿಗೆ ಮುಗಿಯಿತು ಎಂದು ಅವಳೂ ನಾನೂ ಅಂದುಕೊಂಡೆವು.

ಆದರೆ ಅಚ್ಚಾದ ಮಾತು ಕಪಾಟಿನಲ್ಲಿ ಕೂರುವುದಿಲ್ಲ. ಅದನ್ನು ನಂಬಿ ದಕ್ಷಿಣದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಚಿನ್ನಬುದ್ಧಿ ಎಂಬ ಸಂಶೋಧಕ ಅದೇ ಪುಡಿಯನ್ನು ಮಾಡುತ್ತಿದ್ದ. ಅವನಿಗೆ ಬೆಳಕು ಬರಲೇ ಇಲ್ಲ. ಬರದೆ ವರ್ಷಗಳು ಹೋದವು. ಅವನ ಗೈಡು, ಅವರಿಗೆ ಬಂದದ್ದು ನಿನಗೇಕೆ ಬರುವುದಿಲ್ಲ, ಅಲ್ಲಿಗೇ ಹೋಗಿ ಕಲಿತು ಬಾ, ಆಗಲೂ ಬರದಿದ್ದರೆ ಬಿಟ್ಟುಬಿಡು ಎಂದು ಕಳಿಸಿದರು. ಬೇಡ ಎಂದರೆ ಸಂಶಯ ಬರುತ್ತದೆ. ಬಾ ಎಂದಳು ನೀಲಗಂಗಾ.

ಅವನು ಬರುವ ದಿನ ಬೆಳಗ್ಗೆಯೇ ಅವಳು ಕಪಾಟು ತೆರೆದಳು. ನನ್ನಲ್ಲಿ ಆಲ್ಕೊಹಾಲು ಹಾಕಿ, ಹಳೆಯ ಮುಚ್ಚಳ ಬಿಗಿದು ನೋಡಿದಳು. ಬೆಳಕಿಲ್ಲ. ಅರಿಶಿನದ ಬಣ್ಣ ಅಷ್ಟು ವರ್ಷ ಉಳಿಯುತ್ತದೆಯೆ? ನನಗೆ ಒಂದು ಕ್ಷಣ ಹಗುರವಾಯಿತು. ಇನ್ನು ಅವಳು ನಿಜ ಹೇಳಲೇಬೇಕು, ಬೇರೆ ದಾರಿಯಿಲ್ಲ ಎಂದುಕೊಂಡೆ. ಅವಳು ಎದ್ದು ವಿಭಾಗದ ದೇವರ ಮಾಡದ ಹತ್ತಿರ ಹೋದಳು. ಅಲ್ಲಿದ್ದ ಬಟ್ಟಲಿನಿಂದ ಉಗುರ ತುದಿಯಲ್ಲಿ ಭಂಡಾರ ತಂದಳು. ಮುಚ್ಚಳದ ಸಂದಿಗೆ ಸವರಿದಳು.

ಅಂದಿನವರೆಗೆ ಅದು ತಪ್ಪಾಗಿತ್ತು. ಅಂದಿನಿಂದ ಮೋಸವಾಯಿತು. ಇಟಗಿ ಸರ್ ಪ್ರೀತಿಯಿಂದ ಹಾಕಿದ ಪುಡಿಯೂ ಅದೇ, ಇವಳು ಹೆದರಿ ಹಾಕಿದ ಪುಡಿಯೂ ಅದೇ. ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ನನಗೆ ತಿಳಿಯಿತು, ಮೈಯೆಲ್ಲ ಹೇಸಿಗೆಯಾಯಿತು.

ಚಿನ್ನಬುದ್ಧಿ ಬಂದ. ಇಸ್ತ್ರಿ ಇಲ್ಲದ ಅಂಗಿ, ನಿದ್ದೆಗೆಟ್ಟ ಕಣ್ಣು. ತಾನು ಮಾಡಿದ ಪುಡಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ. ನೀಲಗಂಗಾ ಹೊಸ ಪಾತ್ರೆಯಲ್ಲಿ ಬ್ಲ್ಯಾಂಕ್ ತೋರಿಸಿದಳು, ಗೆರೆ ನೆಲದಲ್ಲಿತ್ತು. ನನ್ನಲ್ಲಿ ತನ್ನ ಹಳೆಯ ಪುಡಿ ಹಾಕಿ ಕುಲುಕಿ ಇಟ್ಟಳು. ಹಸಿರು ಗೆರೆ ಎದ್ದು ನಿಂತಿತು. ಅವನು ಬಾಯಿ ಬಿಟ್ಟು ನೋಡಿದ. ದೇವರನ್ನು ಕಂಡವನ ಮುಖ ಹಾಗಿರಬಹುದು.

"ಹಂಗಾದ್ರೆ ಬೆಳಕು ಇರೋದು ನಿಜ ಕಣ್ ಮೇಡಂ," ಎಂದ. "ನನ್ ಕೈನೇ ಸರಿ ಇಲ್ಲ."

ನೀಲಗಂಗಾ ಕಿಟಕಿಯ ಕಡೆ ನೋಡುತ್ತಿದ್ದಳು.

"ಮೇಡಂ, ತಪ್ ತಿಳ್ಕೊಬ್ಯಾಡಿ. ಒಂದೇ ಒಂದ್ ಸಲ ಬರೀ ಆಲ್ಕೊಹಾಲ್ನ ಇದ್ರಲ್ಲೇ ಹಾಕಿ ನೋಡ್ಬೋದಾ? ನಿಮ್ ಮೇಲ್ ಅನ್ಮಾನ ಅಲ್ಲ. ನಮ್ ಗೈಡು ಕೇಳ್ತಾರೆ, ನೋಡ್ದೆ ಬಂದ್ಯಾ ಅಂತ."

ಎಷ್ಟು ವರ್ಷದ ಮೇಲೆ ಆ ಪ್ರಶ್ನೆ ಆ ಕೋಣೆಗೆ ಮರಳಿ ಬಂದಿತ್ತು! ದೇಸಾಯಿ ಬಾಯಿಯೇ ಬಾಗಿಲಲ್ಲಿ ನಿಂತಂತೆ ಅನಿಸಿತು.

"ಆತು, ನೋಡೋಣು. ತೊಳಕೊಂಡ ಬರ್ತೇನಿ" ಎಂದಳು ನೀಲಗಂಗಾ. ಎರಡು ಬೆರಳಲ್ಲಿ ನನ್ನ ಕುತ್ತಿಗೆ ಹಿಡಿದು ತೊಟ್ಟಿಯ ಹತ್ತಿರ ಹೋದಳು. ನಾನು ಬಿದ್ದೆ.

ಬಿದ್ದ ವಸ್ತುವಿಗೆ ಗೊತ್ತಿರುತ್ತದೆ, ಕೈ ಜಾರಿತೋ, ಬಿಟ್ಟಿತೋ ಎಂದು. ಜಾರುವ ಬೆರಳು ಕೊನೆಯವರೆಗೂ ಹಿಡಿಯಲು ತಡವರಿಸುತ್ತದೆ. ಅವಳ ಬೆರಳು ತಡವರಿಸಲಿಲ್ಲ. ನನ್ನ ಬಾಯಂಚು ಮುರಿಯಿತು, ಒಂದು ಗೋಡೆಯುದ್ದಕ್ಕೂ ಸೀಳು ಬಿಟ್ಟಿತು. ಮುಚ್ಚಳ ತೊಟ್ಟಿಯ ನೀರಿನಲ್ಲಿ ಹರಿದು ಹೋಯಿತು.

ಚಿನ್ನಬುದ್ಧಿ ಓಡಿ ಬಂದು ನನ್ನನ್ನು ಎತ್ತಿಕೊಂಡ. ತನ್ನ ಅಂಗಿಯ ತುದಿಯಿಂದ ನನ್ನನ್ನು ಒರೆಸಿದ. "ಅಯ್ಯೋ, ನನ್ನಿಂದಾನೇ ಆಯ್ತು ಮೇಡಂ. ನಾನ್ ಕೇಳ್ಬಾರ್ದಿತ್ತು. ಕ್ಷಮಿಸ್ಬುಡಿ" ಎಂದ. ಅವನು ಕ್ಷಮೆ ಕೇಳಿದ. ಅವಳು "ಇರ್ಲಿ ಬಿಡ್ರಿ" ಎಂದಳು.

ಆ ವರ್ಷವೇ ಅವನು ಸಂಶೋಧನೆ ಬಿಟ್ಟನೆಂದು ಯಾರೋ ಬಂದವರು ಹೇಳಿದರು. ಬಿಟ್ಟು ಎಲ್ಲಿಗೆ ಹೋದ ಎಂದು ನೀಲಗಂಗಾ ಕೇಳಿದಳು. ಗೊತ್ತಿಲ್ಲವಂತೆ. ಮನೆಯವರಿಗೂ ಗೊತ್ತಿಲ್ಲವಂತೆ, ಇನ್ನೂ ಹುಡುಕುತ್ತಿದ್ದಾರಂತೆ. ಅವಳು ಅಂದು ಪಾಠಕ್ಕೆ ಹೋಗಲಿಲ್ಲ. ಮರುದಿನ ಹೋದಳು. ಮತ್ತೇನು ಮಾಡಬೇಕಿತ್ತು ಎಂದು ನೀವು ಕೇಳಿದರೆ ನನ್ನ ಹತ್ತಿರ ಉತ್ತರವಿದೆ. ಆದರೆ ಅವಳು ನನ್ನನ್ನು ಕೇಳಲಿಲ್ಲ.

ಒಡೆದ ಕ್ಯುವೆಟ್ಟಿಗೆ ಕಸದ ಬುಟ್ಟಿಯೇ ಗತಿ. ಅವಳಿಂದ ನನ್ನನ್ನು ಎಸೆಯಲಾಗಲಿಲ್ಲ. ಒಂದು ದಿನ ನನ್ನಲ್ಲಿ ಭಂಡಾರ ತುಂಬಿ ದೇವರ ಮಾಡದಲ್ಲಿಟ್ಟಳು. ಇನ್ನು ನನ್ನಲ್ಲಿ ಯಾರೂ ಏನನ್ನೂ ಅಳೆಯಲಾರರು ಎಂದು ಅವಳಿಗೆ ನೆಮ್ಮದಿಯಾಗಿರಬೇಕು. ಅಂದಿನಿಂದ ಇಲ್ಲೇ ಇದ್ದೇನೆ. ಎಣ್ಣೆ ಜಿಡ್ಡು, ಊದಿ, ಒಣಗಿದ ಚೆಂಡು ಹೂವು ನನ್ನ ನೆರೆಹೊರೆ.

ಈಗ ಅವಳು ವಿಭಾಗದ ಮುಖ್ಯಸ್ಥೆ. ತಲೆ ನರೆತಿದೆ, ಕುತ್ತಿಗೆಗೆ ಕನ್ನಡಕ ಬಂದಿದೆ. ಖಂಡೇನವಮಿಗೆ ಯಂತ್ರಗಳ ಹತ್ತಿರ ಯಾರನ್ನೂ ಬಿಡುವುದಿಲ್ಲ, ಪೂಜೆಯೆಲ್ಲ ಮಾಡದ ಮುಂದೆಯೇ. ಮೇಡಂ ಬಹಳ ವೈಚಾರಿಕರು ಎಂದು ಹೊಗಳುತ್ತಾರೆ. "ಮದಲ ಖಾಲೀದು ನೋಡ್ರಿ, ಅದರಾಗನ ನೋಡ್ರಿ" ಎಂದು ಅವಳು ಹುಡುಗರ ಪ್ರಾಣ ತಿನ್ನುತ್ತಾಳೆ. ಅಷ್ಟು ಕಟ್ಟುನಿಟ್ಟಿನ ಗುರು ಇನ್ನೊಬ್ಬರಿಲ್ಲ ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಪೇಪರ್ ಮಾತ್ರ ಇದ್ದಲ್ಲೇ ಇದೆ. ಈಗಲೂ ಎಲ್ಲೋ ಯಾರೋ ಅದನ್ನು ಓದಿ ಬಿಳಿ ಪುಡಿ ಅರೆಯುತ್ತಿರಬಹುದು.

ನಾನು ಮುದಿಯಾದೆ. ಏನನ್ನೂ ಮುಚ್ಚಿಡಬಾರದೆಂದು ನನ್ನನ್ನು ಮಾಡಿದರು. ನನ್ನ ಆಯಸ್ಸಿನ ಮುಕ್ಕಾಲು ಪಾಲು ಒಂದು ಚಿಟಿಕೆ ಪುಡಿಯನ್ನು ಮುಚ್ಚಿಡುವುದರಲ್ಲೇ ಕಳೆಯಿತು. ಇದಕ್ಕೆ ದೇವರನ್ನು ಬೈಯಲಾರೆ, ಅರಿಶಿನವನ್ನೂ ಬೈಯಲಾರೆ. ನೀಲಗಂಗಾಳನ್ನು ಬೈಯಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಕವುಚಿ ಬಿದ್ದ ಹರಿಗೋಲು ನೆನಪಾಗುತ್ತದೆ. ಆಮೇಲೆ ಚಿನ್ನಬುದ್ಧಿಯ ಇಸ್ತ್ರಿ ಇಲ್ಲದ ಅಂಗಿಯೂ ನೆನಪಾಗುತ್ತದೆ.

ಮೊನ್ನೆ ಖಂಡೇನವಮಿಗೆ ಹೊಸದಾಗಿ ಸೇರಿದ ದಾಕ್ಷಾಯಣಿ ಎಂಬ ಹುಡುಗಿ ಮಾಡ ಒರೆಸುತ್ತಿದ್ದಳು. ನನ್ನನ್ನು ಎತ್ತಿದವಳು ಥಟ್ಟನೆ ನಿಂತಳು. ಬೆರಳುಗಳನ್ನು ಗೋಡೆಯಿಂದ ಸರಿಸಿ ಕುತ್ತಿಗೆಗೆ ಹಿಡಿದಳು, ಸರಿಯಾಗಿ ಕಲಿತ ಹುಡುಗಿ. ಸೀಳಿದ್ದ ಗೋಡೆಯನ್ನು ಸೆರಗಿನಿಂದ ಒರೆಸಿ ಕಿಟಕಿಗೆ ಹಿಡಿದಳು.

"ಮೇಡಂ, ಇದು ಖರೇ ಕ್ವಾರ್ಟ್ಜ್ ಐತ್ರೀ! ಇದನ್ನ ಯಾಕ ಇಲ್ಲಿಟ್ಟೀರಿ? ಇದರಾಗ ಏನ ಅಳೀತಿದ್ರಿ ನೀವು?"

ನೀಲಗಂಗಾ ಕಾಯಿ ಒಡೆಯಲು ಬಗ್ಗಿದ್ದಳು. ನಿಧಾನವಾಗಿ ನೆಟ್ಟಗಾದಳು. ನನ್ನನ್ನು ನೋಡಿದಳು. ನಾನು ಬಿದ್ದ ದಿನದಿಂದ ಅವಳು ನನ್ನನ್ನು ಹಾಗೆ ನೇರವಾಗಿ ನೋಡಿರಲಿಲ್ಲ.

"ಭಂಡಾರ," ಎಂದಳು. "ಭಂಡಾರನ ಅಳೀತಿದ್ವಿ."

ಮೇಡಂ ಎಂದೂ ಚೇಷ್ಟೆ ಮಾಡಿದವರಲ್ಲ. ಹುಡುಗರೆಲ್ಲ ಗೊಳ್ಳೆಂದು ನಕ್ಕರು. ದಾಕ್ಷಾಯಣಿಯೂ ನಕ್ಕು, ನನ್ನನ್ನು ಇದ್ದ ಜಾಗದಲ್ಲೇ ಇಟ್ಟಳು.